ಮೊಟ್ಟೆ ಏನಂತು?

ಪ್ರವಾಸಿಗಳನ್ನು ಬೆಟ್ಟ ಹತ್ತಿಸಿ ಇಳಿಸುವುದು ನನ್ನ ಕೆಲಸ. ಹತ್ತಿಸುವುದು ನಾನು, ಇಳಿಸುವುದು ಬೆಟ್ಟವೇ. ತುದಿಯಿಂದ ಕೆಳಗಿನ ದ್ರಾಕ್ಷಿ ತೋಟದವರೆಗೆ ಬರೀ ಕಪ್ಪು ಬೂದಿಯ ಇಳಿಜಾರು. ಹಿಮ್ಮಡಿ ಊರಿ ಓಡುತ್ತ ಇಳಿಯಬೇಕು. ಮೊದಲ ದಿನ ನಾನು ಇಬ್ಬರು ಫ್ರೆಂಚ್ ಹೆಂಗಸರ ಎದುರಿಗೆ ಶೋಕಿಯಿಂದ ಓಡಲು ಹೋಗಿ, ಅರ್ಧ ದಾರಿಯನ್ನು ಮಂಡಿಯ ಮೇಲೆಯೇ ಮುಗಿಸಿದೆ. ಅದೂ ಕಾರ್ಯಕ್ರಮದ ಭಾಗವೆಂದುಕೊಂಡು ಅವರು ಚಪ್ಪಾಳೆ ತಟ್ಟಿದರು. ಫೋಗು ಎಂಬ ನಮ್ಮ ಜ್ವಾಲಾಮುಖಿ ದ್ವೀಪದಲ್ಲಿ ಎಲ್ಲರಿಗೂ ಪಾದ್ರಿ ಇಟ್ಟ ಹೆಸರೊಂದು, ಊರು ಇಟ್ಟ ಹೆಸರೊಂದು. ಪಾದ್ರಿಯ ಮಟ್ಟಿಗೆ ನಾನು ಅದಿಲ್ಸನ್. ಊರಿಗೆ ಅಂದಿನಿಂದ ಮಂಡಿ.

ಆ ಹೆಸರಿಟ್ಟವನು ನ್ಯೋ ಕಸಿಮಿರು. ನ್ಯೋ ಅಂದರೆ ನಮ್ಮಲ್ಲಿ ಹಿರಿಯರನ್ನು ಕರೆಯುವ ರೀತಿ, ಹೆಂಗಸರಾದರೆ ನ್ಯಾ. ನಾನು ಹುಟ್ಟುವ ಮೊದಲಿಂದಲೂ ಅವನು ಜನರನ್ನು ಬೆಟ್ಟ ಹತ್ತಿಸುತ್ತಿದ್ದ. ಪ್ರವಾಸಿಗಳಿಗೆ ನಾನು ಬಾಯಿಪಾಠ ಮಾಡಿದ ಕಲ್ಲಿನ ಹೆಸರುಗಳನ್ನೆಲ್ಲ ಒಪ್ಪಿಸುತ್ತಿದ್ದರೆ ಅವನು ಪಕ್ಕದಲ್ಲಿ ಕೂತು ಆಕಳಿಸುತ್ತಿದ್ದ. ಮುಗಿದ ಮೇಲೆ ಚೀಲದಿಂದ ಒಂದು ಹಸಿ ಮೊಟ್ಟೆ ತೆಗೆದು, ಲಾವಾದ ಬಿರುಕಿನೊಳಗೆ ಇಟ್ಟು, ಮೇಲೊಂದು ಕಲ್ಲು ಮುಚ್ಚುತ್ತಿದ್ದ. ಸುತ್ತಾಡಿ ಬರುವಷ್ಟರಲ್ಲಿ ಮೊಟ್ಟೆ ಬೆಂದಿರುತ್ತಿತ್ತು. ಚಿಪ್ಪು ಹಳದಿ ತಿರುಗಿ, ಒಂದಿಷ್ಟು ಗಂಧಕದ ವಾಸನೆ. ಅದನ್ನು ಸುಲಿದು ಉಪ್ಪು ಹಚ್ಚಿ ಕೊಟ್ಟರೆ, ನನ್ನ ಅರ್ಧ ಗಂಟೆಯ ಭಾಷಣ ಮರೆತು ಜನ ಅದರ ಫೋಟೋ ತೆಗೆದುಕೊಳ್ಳುತ್ತಿದ್ದರು.

"ನೀನು ಬೆಟ್ಟದ ಬಗ್ಗೆ ಮಾತಾಡ್ತೀಯ, ನಾನು ಬೆಟ್ಟದ ಕೈಲಿ ಅಡುಗೆ ಮಾಡಿಸ್ತೀನಿ. ಹಸಿದವನು ಯಾರ ಮಾತು ಕೇಳ್ತಾನೆ ಹೇಳು ಮಂಡಿ?" ಎನ್ನುತ್ತಿದ್ದ.

ಕಸಿಮಿರು ಹುಟ್ಟಿದ್ದು ಬೆಟ್ಟದ ಬಾಯೊಳಗೇ. ಹಳೆಯ ಕಾಲದಲ್ಲಿ ಕುಸಿದ ದೊಡ್ಡ ಬೆಟ್ಟದ ತಳದಲ್ಲಿ ನಮ್ಮ ಊರು. ನಡುವೆ ಈಗಿನ ಬೆಟ್ಟ, ಸುತ್ತ ಗೋಡೆಯಂತೆ ಎದ್ದ ಬಂಡೆ. ಅವನ ಹೆಂಡತಿ ನ್ಯಾ ಜುಲ್ಮೀರ ಸಮುದ್ರದ ಕಡೆಯವಳು, ಕಾಫಿ ಬೆಳೆಯುವ ಹಸಿರು ಊರಿನವಳು. ಮದುವೆಯಾಗಿ ಮೊದಲ ಸಲ ಮೇಲೆ ಬಂದವಳು ಸುತ್ತ ನೋಡಿ, "ಇದೇನು, ಬಾಣಲೆಯೊಳಗೆ ಸಂಸಾರ ಮಾಡು ಅಂತೀಯಾ?" ಎಂದಳಂತೆ. "ಒಂದು ದ್ರಾಕ್ಷಿ ಕೊಯ್ಲು ಮುಗಿಯೋವರೆಗೂ ಇರು, ಆಮೇಲೆ ಕೆಳಗೆ ಹೋಗೋಣ" ಎಂದು ಕಸಿಮಿರು ಹೇಳಿದ. ಕೊಯ್ಲು ಪ್ರತಿ ವರ್ಷ ಮುಗಿಯುತ್ತಿತ್ತು, ಹೋಗುವ ಮಾತು ಪ್ರತಿ ವರ್ಷ ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಕೆಳಗಿನ ಊರಿಗೆ ಮದುವೆಗೋ ಮಣ್ಣಿಗೋ ಹೋದರೂ ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಹಟ ಮಾಡುವವಳು ಅವಳೇ ಆದಳು. ಮಕ್ಕಳಾಗಲಿಲ್ಲ. "ಆದ ಮಗು ಇವನೊಬ್ಬನೇ, ಇನ್ನೂ ನಡೆಯೋಕೆ ಕಲಿತಿಲ್ಲ" ಎಂದು ಗಂಡನನ್ನು ತೋರಿಸುತ್ತಿದ್ದಳು.

ನಮ್ಮಲ್ಲಿ ಬೆಂಕಿ ಬಂದಾಗ ಮೊದಲು ಬಾಗಿಲು ಹೊರಡುತ್ತದೆ. ಗೋಡೆಗೆ ಕಲ್ಲು ಬೆಟ್ಟವೇ ಕೊಡುತ್ತದೆ, ಎಷ್ಟು ಬೇಕಾದರೂ. ಮರ ಸಿಗುವುದಿಲ್ಲ. ಕಸಿಮಿರುವಿನ ಬಾಗಿಲು ಅವನಪ್ಪ ಒಡೆದ ಹಡಗೊಂದರ ಹಲಗೆಯಿಂದ ಮಾಡಿಸಿದ್ದು. ಅವನು ಮಗುವಾಗಿದ್ದಾಗ ಒಮ್ಮೆ, ಗಂಡಸಾದ ಮೇಲೆ ಒಮ್ಮೆ, ಬೆಂಕಿ ಬಂದಾಗ ಆ ಬಾಗಿಲು ಊರು ಬಿಟ್ಟು ಹೋಗಿ ತಿರುಗಿ ಬಂದಿತ್ತು. ಮೂರನೆಯ ಸಲ ಹೊತ್ತವರಲ್ಲಿ ನಾನೂ ಒಬ್ಬ. ಹಿಂದಿನ ತುದಿ ನನ್ನದು, ಬೆರಳು ಜಜ್ಜಿಸಿಕೊಂಡವನೂ ನಾನೇ.

ಆ ಸಲ ಲಾವಾ ಅವಸರ ಮಾಡಲಿಲ್ಲ. ಹೊಟ್ಟೆ ತುಂಬಿದ ಎಮ್ಮೆಯ ಹಾಗೆ, ಒಂದೊಂದು ಮನೆಯ ಮುಂದೆ ನಿಂತು ನಿಂತು ಬಂತು. ಬಾಗಿಲು, ಕಿಟಕಿ, ಮಾಡಿನ ತೊಲೆ ಎಲ್ಲ ಬಿಚ್ಚಿ ಲಾರಿಗೆ ಏರಿಸಿ ನೋಡಿದರೆ ನ್ಯಾ ಜುಲ್ಮೀರ ಇಲ್ಲ. ಬಾಗಿಲಿಲ್ಲದ ಮನೆಯೊಳಗೆ ಕಸ ಗುಡಿಸುತ್ತಿದ್ದಳು.

"ಏ ಜುಲ್ಮೀರ, ಹುಚ್ಚು ಹಿಡಿದಿದೆಯಾ? ಹಿತ್ತಲಿಗೆ ಬಂದಾಯ್ತು!" ಕಸಿಮಿರು ಕೂಗಿದ.

"ಬರಲಿ. ಗುಡಿಸದ ಮನೆಯೊಳಗೆ ಬಂದ್ಲು ಅಂತ ನಾಳೆ ಮಾತು ಬೇಡ."

ನಮ್ಮಲ್ಲಿ ಲಾವಾಗೆ ಹೆಣ್ಣೆಂದೇ ಮಾತು. ನ್ಯಾ ಜುಲ್ಮೀರ ಮೂಲೆಯವರೆಗೂ ಗುಡಿಸಿ, ಕಸವನ್ನು ಹೊರಗೆ ಚೆಲ್ಲಿ, ಪೊರಕೆ ಹಿಡಿದುಕೊಂಡೇ ಲಾರಿ ಹತ್ತಿದಳು. ಬೆಟ್ಟದ ಹೊರಮೈಯ ಇಳುಕಲಿನಲ್ಲಿರುವ ಊರು ದಾಟುವವರೆಗೂ ಹಿಂತಿರುಗಿ ನೋಡಲಿಲ್ಲ. ನಾನು ನೋಡಿದೆ. ನೋಡಬಾರದಿತ್ತು.

ಬೆಂಕಿ ನಿಂತ ಮೇಲೆ, ಲಾವಾದ ಮೇಲೆ ಕಾಲಿಡುವ ಹಾಗಾದ ಕೂಡಲೇ ನಮ್ಮವರು ಮೇಲೆ ಹೋಗತೊಡಗಿದರು. ಕಸಿಮಿರುವಿನ ಮನೆಯ ಹೊಗೆಗೂಡಿನ ತುದಿ ಮೊಳದಷ್ಟು ಹೊರಗೆ ಕಾಣುತ್ತಿತ್ತು. ಅದನ್ನು ನೋಡಿ ಬಂದು ಹೇಳಿದಾಗ ನ್ಯಾ ಜುಲ್ಮೀರ ಕೆಳಗಿನ ಊರಿನಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಯ ಮನೆಯಲ್ಲಿ ಮಲಗಿದ್ದಳು. ಅವಳ ಹೃದಯ ಬೆಂಕಿ ಬಂದ ಆ ಚಳಿಗಾಲದಲ್ಲಿಯೇ ಕೆಟ್ಟಿತ್ತು. ಅವಳು ಒಂದೇ ಮಾತು ಹೇಳಿದಳು: "ಅದರ ಮೇಲೇ ಕಟ್ಟು. ನನ್ನ ಅಡುಗೆಮನೆ ಮೇಲೆ ನನ್ನ ಹಾಸಿಗೆ ಹಾಕು. ಸಾಯೋದಾದ್ರೆ ಅಲ್ಲಿ. ಈ ಕೋಣೆ ಗೋಡೆ ನೋಡ್ಕೊಂಡು ನಾನು ಸಾಯಲ್ಲ."

ಅವನು ಕಟ್ಟಿದ. ಒಂದೇ ಕೋಣೆ, ಲಾವಾದ ಮೇಲೆ ಲಾವಾದ್ದೇ ಕಲ್ಲು. ಹಡಗಿನ ಬಾಗಿಲು ನಾಲ್ಕನೆಯ ಮನೆಗೆ ಕೂತಿತು. ನಾವು ಮಾಡಿದ ತಪ್ಪು ಅಲ್ಲೇ. ಮೇಲೆ ತಣ್ಣಗಿದೆಯೆಂದು ಗೋಡೆ ಎಬ್ಬಿಸಿ, ಮಾಡು ಹೊದಿಸಿ, ಬಾಗಿಲು ಹಾಕಿದೆವು. ಗಾಳಿ ನಿಂತದ್ದೇ ತಡ, ಒಳಗಿನ ಕಾವು ಮೇಲೆ ಬಂತು. ಮರುದಿನ ಒಳಗೆ ಹೋಗಿ ಸಿಮೆಂಟಿನ ನೆಲದ ಮೇಲೆ ನಿಂತು ನಾನು ಏನೋ ಜೋಕು ಹೇಳುತ್ತಿದ್ದೆ. ಜೋಕು ಮುಗಿಯುವಷ್ಟರಲ್ಲಿ ನನ್ನ ಚಪ್ಪಲಿಯ ಅಟ್ಟೆ ನೆಲಕ್ಕೆ ಅಂಟಿತ್ತು. ಈಗಲೂ ಆ ಗುರುತಿದೆ.

ಊರಿನವರು ಬಿಡುತ್ತಾರೆಯೇ? "ಕಸಿಮಿರು, ಮನೆ ಕಟ್ಟಿದೆಯೋ ಬೇಕರಿ ಹಾಕಿದೆಯೋ?" "ಮಂಡಿ, ಇಲ್ಲಿ ಮಾತ್ರ ಜಾರಬೇಡಪ್ಪಾ, ರೊಟ್ಟಿಯಾಗಿಬಿಡ್ತೀಯ." ಕಸಿಮಿರು ನಗಲಿಲ್ಲ. ನೆಲದ ಮೂಲೆಯಲ್ಲಿ ಉಳಿಯಿಂದ ಒಂದು ಗುಂಡಿ ಕೊರೆದು, ಅದರಲ್ಲಿ ಮೊಟ್ಟೆ ಇಟ್ಟು, ಕಲ್ಲು ಮುಚ್ಚಿದ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅದೇ ಕೆಲಸ. ಬೆಳಿಗ್ಗೆ ಗುಂಡಿಯಲ್ಲಿ ಮೊಟ್ಟೆ ಇಡುವುದು, ಮಧ್ಯಾಹ್ನ ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಂಡು, ಪ್ರವಾಸಿಗಳನ್ನು ಕೆಳಗೆ ಬಿಡುವ ನಮ್ಮ ಗಾಡಿಯಲ್ಲಿ ಹೆಂಡತಿಯ ಬಳಿಗೆ ಒಯ್ಯುವುದು. ನಾನೂ ಹೋಗುತ್ತಿದ್ದೆ. ಅಲ್ಲಿ ಪಕ್ಕದ ಮನೆಯವರು ಮಾಡಿದ ಕಚೂಪ, ಎಂದರೆ ಮುಸುಕಿನ ಜೋಳ, ಕಾಳು ಬೇಯಿಸಿದ ಗಂಜಿ, ನನಗೂ ಒಂದು ಬಟ್ಟಲು ಸಿಗುತ್ತಿತ್ತು. ನನ್ನ ಪ್ರೀತಿಗೆ ಯಾವಾಗಲೂ ಒಂದು ಬಟ್ಟಲಿನ ಆಧಾರವಿರುತ್ತದೆ.

ಗಾಡಿಯ ಸದ್ದು ಕೇಳಿದರೆ ಸಾಕು, ನ್ಯಾ ಜುಲ್ಮೀರ ಒಳಗಿನಿಂದಲೇ ಕೂಗುತ್ತಿದ್ದಳು, "ಮೊಟ್ಟೆ ಏನಂತು?"

"ನೀನೇ ಕೇಳಿನೋಡು."

ಅವಳು ಚಿಪ್ಪು ಮೂಸಿ, ಸುಲಿದು, ಕಚ್ಚಿ, ತೀರ್ಪು ಕೊಡುತ್ತಿದ್ದಳು. ಮೊದಮೊದಲು ಹಳದಿ ಕಲ್ಲಿನ ಹಾಗೆ ಇರುತ್ತಿತ್ತು. "ಇದನ್ನ ಎಸೆದ್ರೆ ನಾಯಿ ಸಾಯುತ್ತೆ. ಇನ್ನೂ ಕೋಪದಲ್ಲಿದ್ದಾಳೆ." ಒಂದು ಕೊಯ್ಲು ಕಳೆದ ಮೇಲೆ ಹಳದಿ ಸ್ವಲ್ಪ ಮೆತ್ತಗಾಯಿತು. "ಈಗ ಬರೀ ಮುನಿಸು." ಇನ್ನೊಂದು ಕೊಯ್ಲಿಗೆ ಹಳದಿ ಅಂಟಂಟಾಗಿ ಗಲ್ಲದ ಮೇಲೆ ಇಳಿಯಿತು. ಅದನ್ನು ಬೆರಳಿನಿಂದ ಒರೆಸಿ ನೆಕ್ಕಿ, "ಇನ್ನೇನು, ಹಾಸಿಗೆ ಬಿಸಿಲಿಗೆ ಹಾಕು" ಎಂದಳು. ನೆಲ ಆರುತ್ತಿತ್ತು. ಅವಳ ಕಾಲು ಮಾತ್ರ ಬಾತುಕೊಳ್ಳುತ್ತಿತ್ತು, ಮಾತಿನ ನಡುವೆ ಉಸಿರಿಗೆ ನಿಲ್ಲಬೇಕಾಗುತ್ತಿತ್ತು.

ಊರಿಗೆ ಬರುವ ನರ್ಸು ಒಂದು ದಿನ ಕಸಿಮಿರುವನ್ನು ಹೊರಗೆ ಕರೆದಳು. ನಾನು ಗಾಡಿಯ ಚಕ್ರಕ್ಕೆ ಗಾಳಿ ಹಾಕುವವನ ಹಾಗೆ ನಟಿಸುತ್ತ ಕೇಳಿಸಿಕೊಂಡೆ.

"ಮೇಲೆ ಕರ್ಕೊಂಡು ಹೋಗೋ ಯೋಚನೆ ಇದ್ರೆ ಬಿಟ್ಬಿಡಿ. ಆ ಕಲ್ಲುಹಾಸಿನ ರಸ್ತೆ, ಆ ಕುಲುಕಾಟ, ಮೇಲಿನ ಗಾಳಿ. ಅವರು ಮನೆ ತಲುಪೋಲ್ಲ. ದಾರೀಲೇ ಹೋಗ್ತಾರೆ."

"ಇಲ್ಲಿದ್ರೆ?"

"ಇಲ್ಲಿದ್ರೆ ಇನ್ನಷ್ಟು ದಿನ."

ಅವನು ಟೋಪಿ ತೆಗೆದು, ಒಳಗೆ ಏನೋ ಬಿದ್ದಿರುವಂತೆ ನೋಡಿ, ಮತ್ತೆ ಹಾಕಿಕೊಂಡ.

ಮರು ಭಾನುವಾರ ಗುಂಡಿಯಿಂದ ತೆಗೆದ ಮೊಟ್ಟೆ ಅಂಗೈಯಲ್ಲಿ ಬೆಚ್ಚಗೂ ಇರಲಿಲ್ಲ. ಒಡೆದು ನೋಡಿದ. ಬಿಳಿಯೂ ಹಳದಿಯೂ ನೀರಿನ ಹಾಗೆ ನೆಲದ ಮೇಲೆ ಹರಡಿಕೊಂಡವು. ಇಷ್ಟು ದಿನ ಕಾದದ್ದು ಇದಕ್ಕೇ. ನಾನು ಮೂರ್ಖ, ಖುಷಿಯಿಂದ ಕೂಗಿದೆ: "ಆರಿತು! ನ್ಯೋ ಕಸಿಮಿರು, ನೆಲ ಆರಿತು!"

ಅವನು ಬರಿಗಾಲಲ್ಲಿ ಕೋಣೆಯ ತುಂಬ ನಡೆದಾಡಿದ. ಆ ಗೋಡೆಯಿಂದ ಈ ಗೋಡೆಗೆ. ಆಮೇಲೆ ಕೇಳಿದ, "ನಿಮ್ಮನೇಲಿ ಒಲೆ ಉರೀತಿದೆಯಾ?"

"ಇದೆ. ಯಾಕೆ?"

"ಒಂದು ಮೊಟ್ಟೆ ಬೇಯಿಸಬೇಕು. ಗಟ್ಟಿಯಾಗಿ."

ನನ್ನ ಬಿಡಾರದಲ್ಲಿರುವುದು ಒಂದೇ ಪಾತ್ರೆ. ಅದರಲ್ಲಿಯೇ ನೀರು ಕಾಯಿಸಿ ಮೊಟ್ಟೆ ಬೇಯಿಸಿದೆವು. ಕುದಿಯುವ ನೀರಿನಲ್ಲಿ ಮೊಟ್ಟೆ ಪಾತ್ರೆಯ ಅಂಚಿಗೆ ಬಡಿದುಕೊಳ್ಳುವುದು ಕೇಳುತ್ತಿತ್ತು. ಅವನು ಒಂದು ಸಲ, "ಕೇಳಿದ್ರೆ ಕರ್ಕೊಂಡು ಹೋಗಲ್ಲ ಅನ್ನೋಕೆ ನನ್ನ ಕೈಲಾಗಲ್ಲ ಕಣೋ. ಅವಳು ಕೇಳಬಾರದು, ಅಷ್ಟೆ" ಎಂದ.

"ಮೊಟ್ಟೆ ಏನಂತು?" ಅವಳ ದನಿ ಈಗ ಬಾಗಿಲಿನವರೆಗೆ ಬರುತ್ತಿರಲಿಲ್ಲ.

"ಯಾಕೋ ಮತ್ತೆ ಕಾವು ಏರಿದೆ" ಎಂದ ಕಸಿಮಿರು. ಬೆಟ್ಟದ ಬಗ್ಗೆ ಪ್ರವಾಸಿಗಳಿಗೆ ನೂರು ಸುಳ್ಳು ಹೇಳಿದವನು, ಆ ಒಂದು ಸುಳ್ಳನ್ನು ಗೋಡೆಗೆ ಹೇಳಿದ.

ಅವಳು ಮೊಟ್ಟೆಯನ್ನು ಮೂಸಿದಳು. ತಿರುಗಿಸಿ ನೋಡಿದಳು. ನಿಧಾನವಾಗಿ ಸುಲಿದು, ಒಂದು ತುಂಡೂ ಬಿಡದೆ ತಿಂದಳು. "ಹೌದು, ಗಟ್ಟಿ. ಇನ್ನಷ್ಟು ಕಾಯೋಣ ಬಿಡು" ಎಂದಳು. ಆಮೇಲೆ, "ಕಸಿಮಿರು, ಗಂಟಲು ಒಣಗಿದೆ. ಅಂಗಡಿಯಿಂದ ಆ ಕೆಂಪು ಶರಬತ್ತು ತಂದ್ಕೊಡ್ತೀಯಾ? ನೀನೇ ಹೋಗು, ಇವನು ದಾರೀಲಿ ಕುಡಿದುಬಿಡ್ತಾನೆ."

ಅವನು ಹೋದ. ಹೆಜ್ಜೆ ಸದ್ದು ದೂರವಾಗುವವರೆಗೂ ಕಾದು, ಅವಳು ನನ್ನ ಕಡೆ ತಿರುಗಿದಳು.

"ಮಂಡಿ, ಬೆಟ್ಟದೊಳಗೆ ಯಾವಾಗಿಂದ ಮೀನು ಹಿಡೀತಿದೀರಾ?"

"ಏನು ನ್ಯಾ ಜುಲ್ಮೀರ?"

"ಮೊಟ್ಟೆಗೆ ಗಂಧಕದ ವಾಸನೆ ಇಲ್ಲ, ಮೀನಿನ ವಾಸನೆ. ನಿನ್ನ ಪಾತ್ರೆ ತಾನೇ? ತೊಳೆಯೋ ಅಭ್ಯಾಸ ಮಾಡ್ಕೋ, ಇಲ್ಲಾಂದ್ರೆ ಯಾವ ಹುಡುಗೀನೂ ಬರೋಲ್ಲ." ಉಸಿರಿಗೆ ನಿಂತಳು. "ಚಿಪ್ಪು ನೋಡು, ಹಾಲಿನ ಹಾಗೆ ಬೆಳ್ಳಗಿದೆ. ನೆಲ ಆರಿದೆ, ಅಲ್ವಾ?"

ನನಗೆ ಫ್ರೆಂಚಿನಲ್ಲೂ ಪೋರ್ಚುಗೀಸಿನಲ್ಲೂ ಸುಳ್ಳು ಹೇಳಿ ಅಭ್ಯಾಸವಿದೆ. ಆ ಹೊತ್ತಿಗೆ ಯಾವುದೂ ಬರಲಿಲ್ಲ. ತಲೆಯಾಡಿಸಿದೆ.

"ತುಂಬಾ ಆರಿದೆಯಾ?"

"ಬರಿಗಾಲಲ್ಲಿ ನಡೆದಾಡಿದ್ರು."

ಅವಳು ಕಣ್ಣು ಮುಚ್ಚಿಕೊಂಡಳು. ಮುಖದಲ್ಲಿ ನಗುವಿನಂಥದ್ದು ಬಂದು ಹೋಯಿತು. ನಾನು, "ಗಾಡಿ ಹೊರಗೇ ಇದೆ, ನ್ಯಾ ಜುಲ್ಮೀರ. ನೀವು ಹ್ಞೂಂ ಅಂದ್ರೆ ನಾನು ಓಡಿಸ್ತೀನಿ, ನಿಧಾನವಾಗಿ" ಎಂದೆ. ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

"ಕರ್ಕೊಂಡು ಹೋಗು ಅಂದ್ರೆ ಅವನೂ ಕರ್ಕೊಂಡು ಹೋಗ್ತಾನೆ. ನಾನು ದಾರೀಲಿ ಹೋದ್ರೆ? ಆಮೇಲೆ ಆ ಮನೇಲಿ ಅವನು ಹೇಗೆ ಮಲಗ್ತಾನೆ? ಆ ರಸ್ತೇಲಿ ದಿನಾ ಹೇಗೆ ಓಡಾಡ್ತಾನೆ?" ನನ್ನ ಕೈ ಹಿಡಿದಳು, ಅವಳ ಕೈಗೆ ತೂಕವೇ ಇರಲಿಲ್ಲ. "ಅವನು ನನಗೆ ಒಂದು ಸಲಾನೂ ಮೋಸ ಮಾಡೋಕೆ ಆಗಿಲ್ಲ. ಇದೊಂದು ಸಲ ಗೆದ್ದೆ ಅಂದ್ಕೊಳ್ಳಲಿ. ಬಾಯಿ ಬಿಟ್ಟೆ ಅಂದ್ರೆ ನೋಡು."

ಆಮೇಲೂ ಕೆಲವು ಭಾನುವಾರ ನಾವು ಗಟ್ಟಿ ಮೊಟ್ಟೆ ಒಯ್ದೆವು. ನಾನು ಪಾತ್ರೆ ಉಜ್ಜಿ ಉಜ್ಜಿ ತೊಳೆದೆ. ಅವಳು ಪ್ರತಿ ಸಲ ಕೇಳಿದಳು, ತಿಂದಳು, "ಇನ್ನಷ್ಟು ಕಾಯೋಣ" ಎಂದಳು. ಒಂದು ಬುಧವಾರ ಬೆಳಿಗ್ಗೆ, ಆ ಕೋಣೆಯ ಗೋಡೆ ನೋಡಿಕೊಂಡೇ ಹೋದಳು. ಕಸಿಮಿರು ಅವಳ ಪಾದ ಹಿಡಿದು ಕೂತಿದ್ದ.

ಮಣ್ಣು ಮಾಡಿದ್ದು ಕೆಳಗಿನ ಊರಿನಲ್ಲಿ. ಸತ್ತವರ ಮನೆಯಲ್ಲಿ ಏಳು ದಿನ ಮೇಜಿನ ಮೇಲೆ ಶಿಲುಬೆ, ದೀಪ ಇಟ್ಟು ಬಂದವರನ್ನೆಲ್ಲ ಕೂರಿಸುವುದು ನಮ್ಮ ಪದ್ಧತಿ. ಕಸಿಮಿರು ಅದನ್ನು ಮೇಲಿನ ಕೋಣೆಯಲ್ಲಿ ಇಟ್ಟ. ಜನ ಬಂದರು, ಕಾಫಿ ಕುಡಿದರು, ಪ್ರಾರ್ಥನೆ ಹೇಳಿದರು. ಬೇಕರಿಯ ಜೋಕು ಮಾಡಿದವರು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಕೂತವರಿಗೆಲ್ಲ ಕೆಳಗಿನಿಂದ ಚಳಿ ಹತ್ತುತ್ತಿತ್ತು; ಹೆಂಗಸರು ಶಾಲನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡಿದ್ದರು.

ಏಳನೆಯ ದಿನ ಶಿಲುಬೆ ಎತ್ತಿದ ಮೇಲೆ ಎಲ್ಲರೂ ಹೋದರು. ನಾನು ಬಟ್ಟಲು ತೊಳೆಯುತ್ತಿದ್ದೆ. ಮೂಲೆಯ ಗುಂಡಿಯ ಮೇಲಿನ ಕಲ್ಲನ್ನು ಕಾಲಿನಿಂದ ಸರಿಸುತ್ತ ಅವನು ಕೇಳಿದ, "ಮಂಡಿ, ಅವಳು ನಂಬಿದ್ಲೇನೋ?"

"ನಂಬಿದ್ರು, ನ್ಯೋ ಕಸಿಮಿರು."

"ನಿಜವಾಗ್ಲೂ?"

"ಯಾವತ್ತಾದ್ರೂ ನೆಲ ಆರಿದ್ರೆ ಮೊದಲು ನನಗೆ ಹೇಳಬೇಕು ಅಂತಿದ್ರು."

ಅವನು ಬಹಳ ಹೊತ್ತು ತಲೆಯಾಡಿಸಿದ. "ಒಳ್ಳೇದಾಯ್ತು" ಎಂದ. ಆಮೇಲೆ ಹಾಸಿಗೆಯ ಅಂಚಿನಲ್ಲಿ, ಅವಳ ಅಡುಗೆಮನೆಯ ಮೇಲೆ, ಕಾಲು ಇಳಿಬಿಟ್ಟು ಕೂತ. ಪಾದ ನೆಲಕ್ಕೆ ತಾಗಿದ್ದೇ ಮೇಲಕ್ಕೆಳೆದುಕೊಂಡ.

"ಈ ನೆಲ ಎಷ್ಟು ತಣ್ಣಗಿದೆ ಕಣೋ. ಪ್ರವಾಸಿಗಳು ಬಿಟ್ಟುಹೋದ ಉಣ್ಣೆ ಕಾಲುಚೀಲ ಏನಾದ್ರೂ ಇದೆಯಾ ನಿನ್ನ ಹತ್ರ?"

ಇತ್ತು. ಒಂದು ಕೆಂಪು, ಒಂದು ನೀಲಿ. ತಂದುಕೊಟ್ಟೆ. ಬಗ್ಗಲು ಅವನಿಗೆ ಆಗಲಿಲ್ಲ. ನಾನೇ ಮಂಡಿಯೂರಿ ಕೂತು ತೊಡಿಸಿದೆ.