ಎದುರು ನಿಂತವರ ಪರ

ನಾನು ಪಾಠ ಮಾಡುತ್ತಿದ್ದ ಪುತ್ತೂರಿನ ಕಾಲೇಜಿನಲ್ಲಿ ಒಬ್ಬರು ಪಿ.ಟಿ. ಮಾಸ್ಟ್ರಿದ್ದರು. ಯಾವುದಾದರೂ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಬಗ್ಗೆ ನಾವು ಕ್ಯಾಂಟೀನಿನಲ್ಲಿ, "ಅವನ ಕಾಲದಲ್ಲಿ ಎದುರಾಳಿಗಳೇ ಸಪ್ಪೆ, ಹಾಗಾಗಿ ಗೆದ್ದ" ಎಂದರೆ ಸಾಕು, ಚಹಾದ ಗ್ಲಾಸು ಕೆಳಗಿಟ್ಟು ಎರಡೂ ಮುಷ್ಟಿಗಳನ್ನು ಗಲ್ಲದ ಹತ್ತಿರ ತರುತ್ತಿದ್ದರು. "ನೀವೊಮ್ಮೆ ಎದುರು ನಿಂತು ನೋಡಿ ಮಾರಾಯ್ರೆ, ಮತ್ತೆ ಮಾತಾಡುವ."

ಒಂದು ವರ್ಷ ನಮ್ಮ ಕ್ರೀಡಾಕೂಟಕ್ಕೆ ಅತಿಥಿಯಾಗಿ ಬಂದವರು ಹಿಂದೊಮ್ಮೆ ವಿಶ್ವವಿದ್ಯಾಲಯದ ಹೆವಿವೇಟ್ ಚಾಂಪಿಯನ್ ಆಗಿದ್ದವರು. ಶಾಲು ಹೊದೆಸಿ ಹೊಗಳಿದರೆ ನಮ್ಮ ಕಡೆಯವರು ಮುದುಡಿಹೋಗುತ್ತಾರೆ. ಅವರೂ ಸಂಕೋಚದಿಂದ, "ನನ್ನದೆಂತ ದೊಡ್ಡ ಸಾಧನೆ ಇಲ್ಲ. ಆಗ ಎದುರು ಗಟ್ಟಿ ಜನವೇ ಇರ್ಲಿಲ್ಲ" ಎಂದುಬಿಟ್ಟರು.

ವೇದಿಕೆಯ ಮೂಲೆಯಲ್ಲಿ ನಿಂತಿದ್ದ ಮಾಸ್ಟ್ರ ಮುಖ ಕೆಂಪಾಯಿತು. "ಇದ್ದೆವು ಮಾರಾಯ್ರೆ. ಫೈನಲಿನಲ್ಲಿ ನಾನಿದ್ದೆ."

ಅವರು ಬಾಕ್ಸರ್ ಆಗಿದ್ದರೆಂದು ನಮಗೆ ಗೊತ್ತಾದದ್ದೇ ಆಗ.

ಅತಿಥಿ ಅವರನ್ನು ದಿಟ್ಟಿಸಿ ನೋಡಿದರು. ಗುರುತು ಹತ್ತಿತು. ತುಟಿಯನ್ನು ಬೆರಳಿನಿಂದ ಎತ್ತಿ, ಕಟ್ಟಿಸಿದ ಹಲ್ಲೊಂದನ್ನು ಇಡೀ ಸಭೆಗೆ ತೋರಿಸಿ ಮೈಕಿನಲ್ಲೇ ಹೇಳಿದರು: "ನಾನು ಹೇಳಿದ್ದು ತಪ್ಪು. ಇದು ಇವರು ಉದುರಿಸಿದ್ದು."

ಮಾಸ್ಟ್ರು ಹತ್ತಿರ ಹೋಗಿ ಬಗ್ಗಿ ನೋಡಿದರು.

"ಎರಡು ಹೋಗಿತ್ತಲ್ಲ?"