ಕಣ್ಣಳತೆಯ ಟೇಲರ್

ಎಪ್ಪತ್ಮೂರನೇ ಇಸವಿಯಲ್ಲಿ, ಬಳ್ಳಾರಿ ಬಜಾರಿನ ದೊಡ್ಡಬಸಪ್ಪ ತನ್ನ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಳ್ಳಲು ಕುರುಗೋಡಿನ ಜೋಗಪ್ಪನಿಗೆ ಜಾಗ ಕೊಟ್ಟ. ಜೋಗಪ್ಪ ಹರಿಜನ ಕೇರಿಯವನು. ಕಂಟೋನ್ಮೆಂಟಿನ ಮುದಿ ಟೇಲರೊಬ್ಬನ ಕೈಕೆಳಗೆ ಆರು ವರ್ಷ ಪಳಗಿದ್ದ. ಕೋಟು ಹೊಲಿಯುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ, ಆದರೂ ಬಜಾರಿನಲ್ಲಿ ಅಂಗೈಯಗಲ ಜಾಗ ಹುಟ್ಟಿರಲಿಲ್ಲ. ಅಕ್ಕಪಕ್ಕದ ಅಂಗಡಿಯವರು ಮೂಗು ಮುರಿದಾಗ ದೊಡ್ಡಬಸಪ್ಪ, "ಕಟ್ಟಿ ನಂದು, ಯಾರನ್ನ ಬೇಕಾದ್ರ ಕೂಡಸ್ತೀನಿ" ಎಂದು ಎದೆ ಸೆಟೆಸಿದ್ದ.

ಎಂಟು ದಿನಕ್ಕೇ ಆ ಎದೆ ಕುಗ್ಗಿತು. ಸಿರುಗುಪ್ಪದ ಭತ್ತದ ವ್ಯಾಪಾರಿ ತಿಪ್ಪೇರುದ್ರಪ್ಪ ಕೋಟಿನ ಬಟ್ಟೆ ಕೊಂಡು ಅಳತೆ ಕೊಡಲು ನಿಂತ. ಜೋಗಪ್ಪ ಟೇಪು ಎತ್ತುತ್ತಲೇ ವ್ಯಾಪಾರಿ, "ನೀ ಯಾರ ಪೈಕಿಲೇ?" ಎಂದು ಹಿಂದೆ ಸರಿದ.

"ಸಾವ್ಕಾರ್ರೆ, ಹಳೇ ಕೋಟು ಕಳಿಸಿಬಿಡ್ರಿ. ಅದನ್ನ ನೋಡಿ ಹೊಲೀತಾನ," ಎಂದು ದೊಡ್ಡಬಸಪ್ಪ ಓಡಿಬಂದ. ಗಿರಾಕಿ ಹೋದ ಮೇಲೆ ಜೋಗಪ್ಪನಿಗೆ ತಗ್ಗಿದ ದನಿಯಲ್ಲಿ ಹೇಳಿದ: "ಟೇಪು ಒಳಗ ಇಡಪ್ಪ. ಯಾರ ಮೈನೂ ಮುಟ್ಟಬ್ಯಾಡ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ."

"ಆಗ್ಲಿರಿ," ಅಂದ ಜೋಗಪ್ಪ.

ಎಲ್ಲರ ಬಳಿಯೂ ಹಳೇ ಅಂಗಿ ಇರುತ್ತಿರಲಿಲ್ಲ. ಹಾಗಾಗಿ ಜೋಗಪ್ಪ ಎರಡು ಮಾರು ದೂರ ನಿಂತು ಗಿರಾಕಿಯನ್ನು ಹಿಂದೊಮ್ಮೆ ಮುಂದೊಮ್ಮೆ ನೋಡಿ ಅಳತೆ ಬರೆದುಕೊಳ್ಳತೊಡಗಿದ. ಮೊದಮೊದಲು ತಪ್ಪಿದವನ್ನು ಬಿಚ್ಚಿ ಮತ್ತೆ ಹೊಲಿದ. ವರ್ಷ ಕಳೆಯುವುದರೊಳಗೆ ಒಂದೂ ತಪ್ಪುತ್ತಿರಲಿಲ್ಲ. ಕಣ್ಣಳತಿ ಜೋಗಪ್ಪ ಎಂದು ದೂರದ ರಾರಾವಿಯಿಂದಲೂ ಜನ ಹುಡುಕಿಕೊಂಡು ಬಂದರು. ಅಂಗಡಿಯ ಅರಿವೆಯೂ ಹೆಚ್ಚು ಹೆಚ್ಚು ಖರ್ಚಾಯಿತು. "ನಮ್ಮ ಜೋಗಪ್ಪನ ಕಣ್ಣು ದೇವರು ಕೊಟ್ಟದ್ದು," ಎಂದು ದೊಡ್ಡಬಸಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನೇ ಅದನ್ನು ನಂಬಿಬಿಟ್ಟಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರದ ಮುನ್ಸಿಪಾಲ್ಟಿ ಮಳಿಗೆಗೆ ಅರ್ಜಿ ಹಾಕಲು ಇಬ್ಬರು ವರ್ತಕರ ರುಜು ಬೇಕೆಂದು ಜೋಗಪ್ಪ ಎರಡು ಸಲ ಕೇಳಿದ. ಎರಡು ಸಲವೂ ದೊಡ್ಡಬಸಪ್ಪ, "ನೋಡೂಣು ತಡಿ," ಎಂದು ಮಾತು ಮರೆಸಿದ.

ಎಂಬತ್ತನೇ ಇಸವಿಯಲ್ಲಿ ದೊಡ್ಡಬಸಪ್ಪನ ಮಗಳು ಸುವರ್ಣಮ್ಮನ ಮದುವೆ ಗೊತ್ತಾಯಿತು. ಅಳಿಯನಾಗುವವನು ಚಂದ್ರಣ್ಣ, ಕಾಲೇಜಿನ ಮೇಷ್ಟ್ರು. ಸೂಟಿಗೆಂದು ಅಂಗಡಿಗೆ ಬಂದವನು ಜೋಗಪ್ಪ ಬರೀ ಕಣ್ಣಿನಿಂದ ಅಳೆಯುವುದನ್ನು ನೋಡಿ ಬೆರಗಾದ. "ಇದನ್ನ ಎಲ್ಲಿ ಕಲ್ತ್ರಿ?"

"ಕಲ್ತಿಲ್ರಿ. ಗಿರಾಕಿ ಮೈ ಮುಟ್ಟಬ್ಯಾಡ ಅಂದಿದ್ರು ಸಾವ್ಕಾರ್ರು. ಹಂಗಾಗಿ ರೂಢಿ ಆತು."

ಕೊಂಕಿಲ್ಲದೆ, ಕೇಳಿದ್ದಕ್ಕೆ ಉತ್ತರ ಎಂಬಂತೆ ಹೇಳಿದ. ಚಂದ್ರಣ್ಣ ತಿರುಗಿ ಮಾವನ ಮುಖ ನೋಡಿದ. ದೊಡ್ಡಬಸಪ್ಪನ ಕಿವಿ ಕಾದವು. ಮಡಿಸಿದ್ದ ಅರಿವೆಯ ಥಾನನ್ನೇ ಬಿಚ್ಚಿ ಮತ್ತೆ ಮಡಿಸಿದ.

ಮರುದಿನ ಬಜಾರು ತುಂಬಿದ ಹೊತ್ತಿಗೆ ಟೇಪು ಹಿಡಿದು ಕಟ್ಟೆಗೆ ಬಂದು ಎರಡೂ ಕೈ ಚಾಚಿ ನಿಂತ. "ಜೋಗಪ್ಪಾ, ನನ್ನ ಅಳತಿ ತಗೋ. ಎಲ್ಲರೂ ನೋಡ್ಲಿ."

ಜೋಗಪ್ಪ ಕತ್ತರಿ ಕೆಳಗಿಟ್ಟ. "ನಿಮ್ಮ ಅಳತಿ ನನಗ ಗೊತ್ತೈತ್ರಿ. ಇದು ಯಾರ ಸಲುವಾಗಿ?"

ದೊಡ್ಡಬಸಪ್ಪನ ಕೈಗಳು ತಾವಾಗಿ ಇಳಿದವು. ಕಡೆಗೆ, "ಆ ಮಳಿಗಿ ಅರ್ಜಿ ಐತೇನು?" ಎಂದ.

ಜೋಗಪ್ಪ ಮಿಷನ್ನಿನ ಖಾನೆಯಿಂದ ತೆಗೆದುಕೊಟ್ಟ. ಮಡಿಕೆಯಲ್ಲಿ ಹರಿದಿತ್ತು. ರುಜು ಹಾಕಿ, ಇನ್ನೊಂದು ರುಜುವಿಗಾಗಿ ದೊಡ್ಡಬಸಪ್ಪ ತಾನೇ ಅಂಗಡಿ ಅಂಗಡಿ ತಿರುಗಿದ. "ನೋಡೂಣು ತಡಿ," ಅಂದವರೇ ಹೆಚ್ಚು. ಅದನ್ನು ಕೇಳಿದಾಗಲೆಲ್ಲ ತನ್ನ ದನಿಯೇ ತನಗೆ ಕೇಳಿಸಿದಂತಾಗುತ್ತಿತ್ತು. ಹನ್ನೊಂದನೆಯ ಅಂಗಡಿ ಬಳೆಗಾರ್ತಿ ವಿರೂಪಮ್ಮನದು. ಆಕೆ ಓದಿಸಿ ಕೇಳದೆಯೇ ಹೆಬ್ಬೆಟ್ಟು ಒತ್ತಿ, "ಏಳು ವರ್ಷ ಏನ್ ಮಾಡಾಕತ್ತಿದ್ದಿ ಬಸಪ್ಪಾ?" ಎಂದಳು.

ಮರುವರ್ಷ ಜೋಗಪ್ಪನಿಗೆ ಮಳಿಗೆ ಸಿಕ್ಕಿತು. ಅವನು ಹೆಸರಿನ ಬೋರ್ಡು ಹಾಕಿಸಿ ಇಬ್ಬರು ಆಳುಗಳನ್ನಿಟ್ಟುಕೊಂಡ. ದೊಡ್ಡಬಸಪ್ಪ ಹೋದರೆ ಕುರ್ಚಿ ಹಾಕಿ, ಚಹಾ ತರಿಸಿ ಮರ್ಯಾದೆ ಮಾಡುತ್ತಿದ್ದ, ಎಲ್ಲ ಗಿರಾಕಿಗಳಿಗೂ ಮಾಡುವಷ್ಟೇ.

ಆ ವರ್ಷ ವರ್ತಕರ ಸಂಘದವರು ಹಿಂದುಳಿದವನನ್ನು ಮುಂದೆ ತಂದ ಮಹನೀಯ ಎಂದು ದೊಡ್ಡಬಸಪ್ಪನಿಗೆ ಶಾಲು ಹೊದಿಸಿದರು. ಅವನು ಮೈಕಿನ ಮುಂದೆ ನಿಂತು, "ನಾ ಅವನನ್ನ ಮುಂದ ತರಲಿಲ್ರಿ, ಅಡ್ಡ ನಿಂತಿದ್ದೆ," ಎಂದ. ದೊಡ್ಡವರ ವಿನಯ ಅಂದರೆ ಇದು ಎಂದು ಸಭೆ ಚಪ್ಪಾಳೆ ತಟ್ಟಿತು. ದೊಡ್ಡಬಸಪ್ಪ ಮತ್ತೆ ಬಿಡಿಸಿ ಹೇಳದೆ ಮೈಕು ಬಿಟ್ಟು ಬಂದ. ಶಾಲು ಹೊದ್ದುಕೊಂಡೇ ತಲೆ ತಗ್ಗಿಸಿ ಕೂತ.