ಮೂರನೇ ತೊಟ್ಟಿಯ ಸಾವುಗಳು

ಪ್ರಯೋಗಾಲಯದ ತೊಟ್ಟಿಗಳನ್ನು ನೋಡಿಕೊಳ್ಳುವ ಆಕೆಯನ್ನು ಎಲ್ಲರೂ ಸಿಗಡಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ಕೆಮ್ಮಿದರೆ "ಬಿಸಿನೀರು ಕುಡೀರಿ" ಎಂದು ಕೈತೊಳೆದುಕೊಳ್ಳುವ ಈ ಮಹಾತಾಯಿ, ಒಂದು ಸಿಗಡಿ ಸತ್ತರೆ ಊಟ ಬಿಡುತ್ತಿದ್ದಳು. ಕಾರಣವಿತ್ತು. ಇಲ್ಲಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಸಿಗಡಿ ಮರಿ ಸಾಕುವ ಕಡೆ ದುಡಿದಿದ್ದಳು. ಅಲ್ಲಿ ಒಂದು ಸತ್ತರೂ ಯಜಮಾನ ಏಳು ಜನ್ಮಕ್ಕಾಗುವಷ್ಟು ಬೈಯುತ್ತಿದ್ದ.

ಇಲ್ಲಿನ ಮೇಡಂ ಬೈಯುವವರಲ್ಲ, ವಿವರಿಸುವವರು.

"ನೋಡಿ ಅಕ್ಕ, ಸಿಗಡಿ ಮೈಗೆ ರೋಗಾಣು ಹೊಕ್ರೆ ಒಂದು ಪ್ರೋಟೀನಿಗೆ ಫಾಸ್ಫೇಟಿನ ಚೂರು ಅಂಟ್ಕೊಳ್ಳುತ್ತೆ. ಅಂಟಿದ್ರೆ ಅದು ಎದ್ದು ಮಿಕ್ಕವನ್ನೂ ಜಗಳಕ್ಕೆ ಎಬ್ಬಿಸುತ್ತೆ. ಮೂರನೇ ತೊಟ್ಟಿಯವಕ್ಕೆ ಆ ಚೂರು ಅಂಟದ ಹಾಗೆ ಔಷಧಿ ಕೊಟ್ಟಿದ್ದೀನಿ."

"ಅಯ್ಯೋ ಪಾಪ!" ಎಂದಳು ಅಕ್ಕ. ಮುಂದಿನ ಮಾತು ಅವಳ ತಲೆಗೆ ಹೋಗಲಿಲ್ಲ.

ರೋಗಾಣು ಚುಚ್ಚಿ ಹತ್ತು ದಿನವಾದರೂ ಮೂರನೇ ತೊಟ್ಟಿಯ ಮೂವತ್ತೂ ಗುಂಡುಕಲ್ಲಿನ ಹಾಗಿದ್ದವು. ಅಕ್ಕ ಒಳಗೊಳಗೇ ಬೀಗುತ್ತಿದ್ದಳು. ಹನ್ನೊಂದನೆಯ ಬೆಳಿಗ್ಗೆ ಮೇಡಂ ಸ್ಟೂಲಿನ ಮೇಲೆ ಕುಸಿದು ಕೂತರು.

"ಅವು ಸಾಯ್ಬೇಕಿತ್ತಕ್ಕ. ಆ ಚೂರಿಲ್ದೇ ಬದುಕ್ತವೆ ಅಂದ್ರೆ ನನ್ನ ನಾಲ್ಕು ವರ್ಷದ ಕೆಲಸಾನೇ ಸುಳ್ಳು. ಈ ಸಂಶೋಧನೆ ನಿಲ್ಲಿಸ್ತೀನಿ ಅಂತ ಇವತ್ತೇ ಬರೆದುಕೊಡ್ತೀನಿ."

ಅಕ್ಕ ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟಳು.

"ಮೇಡಂ... ಸತ್ತಿವೆ."

"ಯಾವಾಗ?"

"ದಿನಾ. ನೀವು ಬರೋ ಮುಂಚೆ ಎತ್ತಿಟ್ಟು, ಸಾಕೋ ತೊಟ್ಟಿಯಿಂದ ಹೊಸದು ಬಿಡ್ತಿದ್ದೆ. ಹಳೇ ಕಡೆ ಹಾಗೇ ಮಾಡಿ ಅಭ್ಯಾಸ."

ಮೇಡಂ ಸ್ಟೂಲಿನಿಂದ ಎದ್ದರು. "ಸತ್ತವೆಲ್ಲಿ?"

ಅಕ್ಕ ಫ್ರೀಜರ್ ತೆರೆದಳು. ಸತ್ತದ್ದನ್ನು ಹೊರಗೆಸೆಯಬಾರದೆಂಬ ಇಲ್ಲಿಯ ನಿಯಮವನ್ನು ಅವಳೆಂದೂ ಮುರಿದವಳಲ್ಲ. ಮೂರನೇ ತೊಟ್ಟಿಯದೇ ಇಪ್ಪತ್ತಾರು ಪೊಟ್ಟಣ, ಎಲ್ಲದರ ಮೇಲೂ ತಾರೀಖು. ಒಂದರ ಮೇಲೆ "ಉದ್ದ ಮೀಸೆ, ಬಹಳ ಒಳ್ಳೆಯವನು" ಎಂದೂ ಬರೆದಿತ್ತು.

"ರೋಗಾಣು ಚುಚ್ಚಿ ಔಷಧಿ ಮಾತ್ರ ಕೊಡದ ನಾಲ್ಕನೇ ತೊಟ್ಟಿಯವು?"

"ಅದರಲ್ಲಿ ಎರಡೇ ಮೇಡಂ."

ಮೇಡಂ ಅಳುತ್ತಿದ್ದಾರೋ ನಗುತ್ತಿದ್ದಾರೋ ಅಕ್ಕನಿಗೆ ತಿಳಿಯಲಿಲ್ಲ. "ನನ್ನ ಊಹೆ ಸರಿಯಿದ್ದ ಹಾಗಿದೆ. ಆದ್ರೆ ಹೊಸವು ಬೆರೆತಿವೆ, ಎಲ್ಲಾ ಮೊದಲಿಂದ ಮಾಡ್ಬೇಕು. ಮಾಡೋಣ. ಆದ್ರೆ ಈ ಸಲ ಸತ್ರೆ ಮುಟ್ಟಬೇಡಿ, ಬಂದು ನನಗೆ ಹೇಳಿ."

ಹೊಸ ಸಿಗಡಿಗಳಿಗೆ ರೋಗಾಣು ಚುಚ್ಚಿದ ಮೂರನೆಯ ಬೆಳಿಗ್ಗೆ ಅಕ್ಕ ಕೈಕಟ್ಟಿಕೊಂಡು ಮೇಡಂ ಮುಂದೆ ನಿಂತಳು. "ಮೂರನೇ ತೊಟ್ಟಿಲಿ ಒಂದು ಹೋಯ್ತು," ಎಂದು, ಬೈಗುಳಕ್ಕಾಗಿ ಕಣ್ಣು ಮುಚ್ಚಿಕೊಂಡಳು.

"ಭೇಷ್ ಅಕ್ಕ!"

ಅಕ್ಕನಿಗೆ ರೇಗಿತು. "ಸಾವಿನ ಮನೇಲಿ ಯಾರಾದ್ರೂ ಭೇಷ್ ಅಂತಾರಾ?" ಎಂದು ದುಡುದುಡು ಹೊರಗೆ ನಡೆದಳು.

ಆದರೆ ಆ ಮಧ್ಯಾಹ್ನ ಅವಳು ಊಟ ಬಿಡಲಿಲ್ಲ.